ಚೇಳಿಗೆ ಹಾಸುವ ಮಣ್ಣು

ಜೋಳದ ಹಿಟ್ಟು ಸಾಣಿಸಲೆಂದು ತಂದ ಸಾಣಿಗೆಯೊಂದು ನಮ್ಮ ಮನೆಯಲ್ಲಿ ಹಿತ್ತಲ ಪಾಲಾಗಿ ಬಹಳ ಕಾಲವಾಯಿತು. ಅದರಲ್ಲಿ ನಾನು ಮಣ್ಣು ಸಾಣಿಸುತ್ತೇನೆ. ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಂಟೆಗಳನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಬೇರು ಬೆಣಚುಕಲ್ಲುಗಳನ್ನು ಆರಿಸಿ ಬದಿಗೆ ಹಾಕುತ್ತ ಮೈಮರೆತಿರುವಾಗ ಪಕ್ಕದ ಮನೆಯ ಗಂಗಕ್ಕ ಗೋಡೆಯ ಮೇಲಿಂದ ಇಣುಕಿ ನೋಡುತ್ತಾರೆ, ಒಂದು ನಿಟ್ಟುಸಿರು ಬಿಡುತ್ತಾರೆ, ಒಳಗೆ ಹೋಗುತ್ತಾರೆ. ಗುಲಾಬಿಯ ಕುಂಡಕ್ಕೆಂದು ಸಾಣಿಸುತ್ತಿದ್ದರೆ ಒಂದು ಟೊಂಗೆ ಕೇಳಿ ಒಯ್ಯುತ್ತಿದ್ದರು, ಆ ನೆಪದಲ್ಲಿ ಒಂದು ಕಪ್ ಚಹವೂ ಆಗುತ್ತಿತ್ತು. ಆದರೆ ನಾನು ಸಾಣಿಸುವುದು ಚೇಳುಗಳಿಗೆ ಎಂಬುದು ಗೋಕಾಕದ ನಮ್ಮ ಓಣಿಗೆಲ್ಲ ಗೊತ್ತು. ಹಾಗಾಗಿ ನನ್ನ ಮನೆಗೆ ಚಂದಾ ಕೇಳಲು ಬರುವವರು ಕೂಡ ಹೊಸ್ತಿಲ ಹೊರಗೇ ನಿಂತು ಮಾತು ಮುಗಿಸುತ್ತಾರೆ. ಇದೊಂದು ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ನಿವೃತ್ತಿಯಾದ ಮೇಲೆ ನನ್ನ ಗೆಳತಿಯರಲ್ಲಿ ಕೆಲವರು ಭಜನೆ ಹಿಡಿದರು, ಕೆಲವರು ಮೊಮ್ಮಕ್ಕಳನ್ನು ಹಿಡಿದರು. ನನ್ನ ಕೈಗೆ ಸಿಕ್ಕದ್ದು ಚೇಳುಗಳು. ಕಾಲೇಜಿನ ದಿನಗಳಲ್ಲೇ ವಿದ್ಯಾರ್ಥಿಗಳು ಡಬ್ಬಿಗಳಲ್ಲಿ ಹಿಡಿದು ತಂದುಕೊಟ್ಟಾಗ ಸತ್ತವು ಸ್ಪಿರಿಟ್ಟಿನ ಬಾಟಲಿ ಸೇರುತ್ತಿದ್ದವು, ಜೀವಂತ ಇದ್ದವನ್ನು ಹಾಗೆ ಮುಳುಗಿಸಲು ಮನಸ್ಸಾಗದೆ ಮನೆಗೆ ತರುತ್ತಿದ್ದೆ. ಎಲ್ಲವೂ ಕರಿ ಚೇಳು. ಕೆಂಪು ಚೇಳನ್ನು ಮಾತ್ರ ನಾನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಏಕೆಂದರೆ ನನಗೂ ಜೀವದ ಆಸೆಯಿದೆ. ನೋಡಲು ಬಂದವರು ಕೇಳುವ ಪ್ರಶ್ನೆಗಳು ಎರಡೇ: ಏನು ತಿನ್ನುತ್ತದೆ, ಕುಟುಕಿದರೆ ಏನಾಗುತ್ತದೆ. ಅದು ಯಾವುದರ ಮೇಲೆ ಮಲಗುತ್ತದೆ ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಲ್ಲ, ಮತ್ತು ನನ್ನ ಸಿಟ್ಟು ಮೊದಲು ಹುಟ್ಟುವುದೇ ಅಲ್ಲಿ. ಗೆಳೆಯರೇ, ಚೇಳಿಗೆ ಊಟ ವಾರಕ್ಕೊಮ್ಮೆ ಸಿಕ್ಕರೂ ಸಾಕು, ಕುಟುಕುವುದು ಅದಕ್ಕೆ ಅಪರೂಪದ ಕೆಲಸ, ಆದರೆ ಮಣ್ಣು ಅದಕ್ಕೆ ಹಗಲೂ ರಾತ್ರಿಯೂ ಬೇಕು. ಮಣ್ಣೇ ಅದರ ಮನೆ, ಮಣ್ಣೇ ಅದರ ಹಾಸು, ನೆಲದ ನಡುಕದಿಂದಲೇ ಅದು ಶತ್ರು ಬಂದನೋ ಊಟ ಬಂತೋ ಎಂದು ತಿಳಿಯುವುದರಿಂದ ಅರ್ಧ ಅದರ ಕಿವಿಯೂ ಮಣ್ಣೇ.

ಆ ಮಣ್ಣಾದರೂ ಎಂಥದಿರಬೇಕು? ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆ ಕಟ್ಟಬೇಕು, ಬೆರಳಿನಿಂದ ತಿವಿದರೆ ಆ ಉಂಡೆ ಸಡಿಲಾಗಬೇಕು. ಮೇಲೆ ಒಣಗಿದ್ದರೂ ತಳದಲ್ಲಿ ತಂಪು ಉಳಿದಿರಬೇಕು, ಏಕೆಂದರೆ ಚೇಳು ತನಗೆ ಬೇಕಾದಷ್ಟು ತಂಪಿಗೆ ತಾನೇ ಇಳಿದುಕೊಳ್ಳುತ್ತದೆ. ಗೇಣುದ್ದವಾದರೂ ಆಳ ಬೇಕು, ಅದು ತೋಡಿದ ಬಿಲ ಅದರ ಬೆನ್ನ ಮೇಲೆಯೇ ಕುಸಿಯಬಾರದು. ಮೇಲೊಂದು ಹಂಚಿನ ಚೂರು ಕವುಚಿಟ್ಟರೆ ಅಲ್ಲಿಂದಲೇ ಬಾಗಿಲು ತೆಗೆಯುತ್ತದೆ. ಇಷ್ಟೇ ಅದರ ಬೇಡಿಕೆ. ಇದನ್ನು ಬಿಟ್ಟು ಕೊಲ್ಲಾಪುರದ ಕಡೆಯ ಅಂಗಡಿಯೊಂದರಲ್ಲಿ ನನಗೆ ತೋರಿಸಿದ್ದು ನೀಲಿ ಬಣ್ಣ ಬಳಿದ ಬೆಣಚುಕಲ್ಲು, ಸಕ್ಕರೆಯಷ್ಟು ಬೆಳ್ಳಗಿನ ಮರಳು, ಒಂದು ಪ್ಲಾಸ್ಟಿಕ್ ಪಾಪಾಸುಕಳ್ಳಿ. ಇದೆಲ್ಲ ನೋಡಲು ಚೆಂದ ಎಂದು ಅಂಗಡಿಯವನು ವಿವರಿಸಿದ. ನೋಡುವವರಿಗೆ ಚೆಂದವೇ ಸರಿ, ಮಲಗುವವರನ್ನು ಕೇಳಿದವರು ಯಾರು? ಜೀವ ಸಾಕುವ ಹೆಸರಿನಲ್ಲಿ ನಾವು ಮಾಡುವ ಅಲಂಕಾರಗಳಲ್ಲಿ ಮುಕ್ಕಾಲು ಪಾಲು ನಮ್ಮ ಪಡಸಾಲೆಗೆ ಸೇರಿದ್ದೇ ಹೊರತು ಆ ಜೀವಕ್ಕೆ ಸಂಬಂಧಪಟ್ಟಿದ್ದಲ್ಲ ಎಂದು ಅವನಿಗೆ ಅಲ್ಲೇ ಒಂದು ಪಾಠ ಮಾಡಿ ಬಂದೆ, ಅವನು ಪಾಪ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿಕೊಂಡ.

ಮೊದಲು ನನಗೆ ಇಷ್ಟು ಪರದಾಟ ಇರಲಿಲ್ಲ. ಗೋಕಾಕದ ಗುಡ್ಡದ ಬುಡದಲ್ಲಿ, ಕುರುಚಲ ನಡುವೆ, ಒಂದು ಜಾಗದ ಕೆಂಪು ಮಣ್ಣು ಚೇಳಿಗೆಂದೇ ಹೇಳಿ ಮಾಡಿಸಿದ ಹಾಗಿತ್ತು. ವರ್ಷಕ್ಕೊಮ್ಮೆ ಹೋಗಿ ಒಂದು ಚೀಲ ತರುತ್ತಿದ್ದೆ. ಈಚೆಗೆ ಹೋದಾಗ ಆ ಜಾಗವನ್ನೇ ಯಾರೋ ಒಯ್ದುಬಿಟ್ಟಿದ್ದರು. ಟಿಪ್ಪರುಗಳು ಬಂದು ಗರಸು ಮಣ್ಣು ಅಗೆದು ಸಾಗಿಸಿದ ಕಡೆ ಮನೆ ಮುಳುಗುವಷ್ಟು ತಗ್ಗು, ಅದರಲ್ಲಿ ಹಸಿರುಗಟ್ಟಿದ ನೀರು, ದಂಡೆಯ ಮೇಲೆ ನಿವೇಶನಗಳು ಮಾರಾಟಕ್ಕಿವೆ ಎಂಬ ಫಲಕ. ಬರಿಗೈಯಲ್ಲಿ ಮನೆಗೆ ಬಂದೆ. ಇದ್ದ ಚೇಳುಗಳಿಗೇನೋ ಪೆಟ್ಟಿಗೆಗಳಲ್ಲಿದ್ದ ಹಳೆಯ ಮಣ್ಣೇ ಸಾಕಾಗಿತ್ತು, ಚೀಲದಲ್ಲಿ ಮಿಕ್ಕದ್ದೇನೂ ಇರಲಿಲ್ಲ, ಆದರೆ ಅದೇ ಹೊತ್ತಿಗೆ ಹೊಸಬಳೊಬ್ಬಳು ಬಂದಳು, ಮತ್ತು ಈ ಪ್ರಬಂಧ ಅವಳದ್ದು.

ನನ್ನ ಅಣ್ಣ ಬಾಳಪ್ಪ ಯಮಕನಮರಡಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿದ್ದಾನೆ, ನನ್ನ ತವರು ಅದೇ. ಕಬ್ಬಿನ ಹೊಲ, ಎಮ್ಮೆಗಳು, ಮಗ ಸಿದ್ದು, ಸೊಸೆ ರೇಣುಕಾ. ಮಿರಗದ, ಅಂದರೆ ಮೃಗಶಿರೆಯ, ಮಳೆ ಬೀಳುವ ಮೊದಲು ದನದ ಕೊಟ್ಟಿಗೆಯ ಬದಿಯ ಕಲ್ಲಿನ ಗುಂಪೆ ತೆಗೆಯುವಾಗ ಅಂಗೈಯಗಲದ ಕರಿ ಚೇಳೊಂದು ಹೊರಬಂತಂತೆ. ಸಿದ್ದು ಕೊಡಲಿಯ ಕಾವು ಎತ್ತಿದ್ದ, ಅಷ್ಟರಲ್ಲಿ ಅವನ ತಾಯಿ ಓಡಿ ಬಂದು ರಟ್ಟೆ ಹಿಡಿದುಕೊಂಡಳು. ರೇಣುಕಾ ಆಗ ಐದು ತಿಂಗಳ ಬಸುರಿ. ಬಸುರಿ ಇರುವ ಮನೆಯಲ್ಲಿ ಹುಳ ಹುಪ್ಪಡಿ ಕೊಲ್ಲಬಾರದು, ಅದರಲ್ಲೂ ಗಂಡನಾದವನ ಕೈಯಿಂದ ಹಾವು ಚೇಳು ಸಾಯಲೇಕೂಡದು ಎಂಬುದು ನಮ್ಮ ಕಡೆ ಬಲು ಕಟ್ಟುನಿಟ್ಟಿನ ಮಾತು. ಗಂಡ ಆ ತಿಂಗಳುಗಳಲ್ಲಿ ಕೋಳಿಯ ಕುತ್ತಿಗೆ ಮುಟ್ಟುವುದಿಲ್ಲ, ಹೆಣಕ್ಕೆ ಹೆಗಲು ಕೊಡುವುದಿಲ್ಲ.

ಅಣ್ಣನ ಮನೆಯವರು ಇದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳಲು ಕಾರಣವಿತ್ತು. ರೇಣುಕಾ ಹಿಂದೊಮ್ಮೆ ಬಸುರಾಗಿ, ಆರನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅದಕ್ಕೂ ಸ್ವಲ್ಪ ಮುಂಚೆ ಕಬ್ಬಿನ ಸಾಲಿನಲ್ಲಿ ಕೆರೆಹಾವೊಂದು ಹರಿದದ್ದನ್ನು ಕಂಡು ಅವಳು ಅಂಜಿ ಕೂಗಿದ್ದಳು, ಸಿದ್ದು ಓಡಿಬಂದು ಅದನ್ನು ಹೊಡೆದು ಹಾಕಿದ್ದ. ಕೂಸು ಹೋದ ಮೇಲೆ ಊರಿಗೆ ಊರೇ ಕೂತು ಕಾರಣ ಹುಡುಕಿತು, ಹುಡುಕಿದ್ದು ಹಾವಿನ ಹತ್ತಿರ ಬಂದು ನಿಂತಿತು. ಹೊಡೆದವನು ಅವನೇ ಆದರೂ ಕೂಗಿದವಳು ಇವಳಲ್ಲವೆ? ಕೂಗದೆ ಸುಮ್ಮನಿದ್ದಿದ್ದರೆ ಹಾವು ತನ್ನ ಪಾಡಿಗೆ ತಾನು ಹೋಗುತ್ತಿತ್ತು ಎಂದು ಹೆಂಗಸರು ಅವಳ ಎದುರಿಗೇ ಹೇಳಿದರು. ಯಾರಿಗೂ ಏನೂ ಕುಟುಕದ ಆ ಹುಡುಗಿ ಅಂದಿನಿಂದ ತಲೆ ತಗ್ಗಿಸಿ ಓಡಾಡತೊಡಗಿದಳು. ನಾನು ಹೋದಾಗೆಲ್ಲ ಇದು ಶುದ್ಧ ಸುಳ್ಳು ಎಂದು ಜಗಳ ಮಾಡಿದ್ದೇನೆ, ಅಣ್ಣನ ಹೆಂಡತಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಮಾತು ಬದಲಿಸಿದ್ದಾಳೆ.

ಹಾಗಾಗಿ ಈ ಚೇಳನ್ನು ಕೊಲ್ಲುವಂತಿಲ್ಲ, ಅಂಗಳದಲ್ಲಿ ಬಿಡುವಂತೆಯೂ ಇಲ್ಲ. ಚೇಳು ಸಾಕುವ ಒಬ್ಬ ಹುಚ್ಚಿ ಗೋಕಾಕದಲ್ಲಿ ಇದ್ದಾಳಲ್ಲ, ನನ್ನ ಹುಚ್ಚು ಅವರಿಗೆ ಮೊದಲ ಬಾರಿ ಉಪಯೋಗಕ್ಕೆ ಬಂತು. ಸಿದ್ದು ಒಂದು ಹಾಲಿನ ಕ್ಯಾನಿನಲ್ಲಿ ಅದನ್ನು ಹಾಕಿಕೊಂಡು, ಮುಚ್ಚಳಕ್ಕೆ ಹಗ್ಗ ಬಿಗಿದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ಪಕ್ಕದಲ್ಲಿ ಕೂತವನು ಹಾಲಿನ ದರ ವಿಚಾರಿಸಿದನಂತೆ. ಮುಚ್ಚಳ ತೆಗೆದು ನೋಡಿದೆ. ಹೊಟ್ಟೆಯ ಪಕ್ಕದ ತೆಳು ಚರ್ಮ ಉಬ್ಬಿ, ಒಳಗೆ ಬೆಳ್ಳಗಿನ ಗುಂಡು ಗುಂಡಾದವು ಸಾಲಾಗಿ ಕಾಣುತ್ತಿದ್ದವು. ಚೇಳು ಮೊಟ್ಟೆ ಇಡುವುದಿಲ್ಲ, ಮರಿಗಳನ್ನೇ ಹೆರುತ್ತದೆ, ಹೆತ್ತ ಮೇಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಇವಳಿಗೆ ದಿನ ಹತ್ತಿರ ಬಂದಿತ್ತು. ನಾನು ಸಂತೋಷ ತಡೆಯಲಾರದೆ ಅಲ್ಲಿಂದಲೇ ರೇಣುಕಾಳಿಗೆ ಫೋನು ಮಾಡಿ, ನಿನ್ನಂತೆ ಇವಳೂ ಬಸುರಿ ಎಂದುಬಿಟ್ಟೆ.

ಅಂದಿನಿಂದ ಅವಳ ಫೋನು ದಿನವೂ ಬರತೊಡಗಿತು. ಸಂಜೆ ಎಮ್ಮೆ ಹಿಂಡಿ ಮುಗಿಸಿ, ಕಟ್ಟೆಯ ಮೇಲೆ ಕೂತು, ಅವಳು ಕೇಳುತ್ತಿದ್ದದ್ದು ಒಂದೇ ಮಾತು.

“ಅತ್ತಿ, ಆಕಿ ಹೆಂಗದಾಳ್ರಿ?”

ಆ ಧ್ವನಿಯಲ್ಲಿ ಇದ್ದದ್ದು ಚೇಳಿನ ಚಿಂತೆ ಮಾತ್ರವಲ್ಲ ಎಂದು ನನಗೆ ಗೊತ್ತಿತ್ತು. ಆ ಚೇಳು ಸುಖವಾಗಿ ಹೆತ್ತರೆ ತನ್ನ ಹೊಟ್ಟೆಯಲ್ಲಿರುವುದೂ ಉಳಿಯುತ್ತದೆ ಎಂದು ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಹಾಗೆಲ್ಲ ಇರುವುದಿಲ್ಲ ಎಂದು ಹೇಳಿ ನೋಡಿದೆ. ಹೌದ್ರಿ, ಗೊತ್ತೈತ್ರಿ ಎನ್ನುತ್ತಿದ್ದಳು, ಮರುದಿನ ಮತ್ತೆ ಅದನ್ನೇ ಕೇಳುತ್ತಿದ್ದಳು. ಬುದ್ಧಿ ಒಪ್ಪಿದ್ದನ್ನು ಅಂಜಿಕೆ ಒಪ್ಪಬೇಕಲ್ಲ. ಕೊನೆಗೆ ನಾನೇ ಸೋತು, ಆಕಿ ಚಲೋ ಅದಾಳ, ನಾ ನೋಡ್ಕೋತೇನಿ ಎಂದು ಮಾತು ಕೊಟ್ಟೆ. ಕೊಟ್ಟಾದ ಮೇಲೆ ನನ್ನ ಮುಂದೆ ಉಳಿದದ್ದು ಮಣ್ಣಿನ ಪ್ರಶ್ನೆ. ಹೆರುವ ಚೇಳಿಗೆ ಕತ್ತಲು ಬೇಕು, ಏಕಾಂತ ಬೇಕು, ಆಳವಾದ ಗಟ್ಟಿ ಬಿಲ ಬೇಕು. ಅದಿಲ್ಲದೆ ದಿಗಿಲಾದರೆ ಹೆತ್ತ ಮರಿಗಳನ್ನೇ ತಿಂದುಬಿಡುವುದುಂಟು. ಆ ಸುದ್ದಿಯನ್ನು ರೇಣುಕಾಳಿಗೆ ಹೇಳುವ ಶಕ್ತಿ ನನಗಿರಲಿಲ್ಲ.

ಸದ್ಯಕ್ಕೆ ತೆಂಗಿನ ನಾರಿನ ಪುಡಿಯ ಮೇಲೆ ಅವಳನ್ನಿಟ್ಟೆ. ಇಟ್ಟಿಗೆಯಂತೆ ಅಚ್ಚೊತ್ತಿ ಮಾರುತ್ತಾರೆ, ನೀರು ಹಾಕಿದರೆ ಬಕೆಟ್ಟು ತುಂಬ ಉಬ್ಬುತ್ತದೆ. ಬೇಸಿಗೆಯಲ್ಲಿ ಅಡ್ಡಿಯಿಲ್ಲ, ಮಳೆ ಹಿಡಿದ ಮೇಲೆ ಅದಕ್ಕೆ ಬೂಸಲು ಬರುತ್ತದೆ, ಅದರಲ್ಲಿ ತೋಡಿದ ಬಿಲ ಅರ್ಧ ದಿನವೂ ನಿಲ್ಲುವುದಿಲ್ಲ. ಅವಳು ತೋಡುವಳು, ಅದು ಕುಸಿಯುವುದು, ಅವಳು ಮತ್ತೆ ತೋಡುವಳು. ಹೊಟ್ಟೆ ಹೊತ್ತುಕೊಂಡು ಈ ಕೆಲಸ ಮಾಡುವುದನ್ನು ನೋಡಲಾರದೆ ನಾನು ಚೀಲ ಹಿಡಿದು ಊರೂರು ತಿರುಗತೊಡಗಿದೆ.

ಧುಪದಾಳದ ಒಡ್ಡಿನ ಕೆಳಗೆ ಹೋದೆ. ಹೊಳೆಯ ದಂಡೆಯಲ್ಲಿ ಬಗ್ಗಿ ಕೂತು ಮೆಕ್ಕಲು ತುಂಬುತ್ತಿದ್ದಾಗ ಒಬ್ಬರು ಬಂದು, ತುಳಸಿಕಟ್ಟೆಗೇನ್ರಿ ಬಾಯಾರ ಎಂದು ಬಹಳ ಭಕ್ತಿಯಿಂದ ಕೇಳಿದರು. ಚೇಳಿಗೆ ಎಂದೆ. ಅವರು ನನ್ನ ಮುಖ ನೋಡಿದರು, ಚೀಲ ನೋಡಿದರು, ಆಮೇಲೆ ನಮ್ಮಿಬ್ಬರ ನಡುವಿನ ಅಂತರವನ್ನು ಸ್ವಲ್ಪ ಹೆಚ್ಚಿಸಿಕೊಂಡರು. ಆ ಮೆಕ್ಕಲಿನಲ್ಲಿ ಮರಳೇ ಹೆಚ್ಚು, ಅದು ಉಂಡೆ ಕಟ್ಟಲಿಲ್ಲ. ಮೂಡಲಗಿಯಲ್ಲಿರುವ ಗೆಳತಿ ಸರೋಜಾ ತಮ್ಮ ಹೊಲದ ಎರೆಮಣ್ಣನ್ನು ಬಸ್ಸಿಗೆ ಹಾಕಿ ಕಳಿಸಿದಳು, ಜೊತೆಗೊಂದು ಡಬ್ಬಿ ಶೇಂಗಾ ಚಟ್ನಿಯನ್ನೂ. ಚಟ್ನಿ ಅದ್ಭುತವಾಗಿತ್ತು. ಎರೆಮಣ್ಣು ಹಸಿಯಿದ್ದಾಗ ಚೇಳಿನ ಕಾಲಿಗೆಲ್ಲ ಮೆತ್ತಿಕೊಂಡು ಅದಕ್ಕೆ ಬೂಟು ತೊಡಿಸಿತು, ಒಣಗಿದಾಗ ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ ತಂದು ಹಾಕಿರಿ ಮೇಡಂ, ಪುಕ್ಕಟೆ ಸಿಗುತ್ತದೆ ಎಂದು ಹಳೆಯ ವಿದ್ಯಾರ್ಥಿಯೊಬ್ಬ ಸಲಹೆ ಕೊಟ್ಟ. ಹುಳಿ ಹಿಡಿದು ಬಿಸಿಯಾಗುವ ಸಿಪ್ಪೆಯ ಮೇಲೆ ಬಸುರಿಯನ್ನು ಮಲಗಿಸು ಎನ್ನುವ ಇವನನ್ನು ಪ್ರಾಣಿಶಾಸ್ತ್ರದಲ್ಲಿ ಪಾಸು ಮಾಡಿದವರು ಯಾರು ಎಂದು ಯೋಚಿಸಿದರೆ ಅದು ನಾನೇ.

ಅಣ್ಣನಿಗೆ ಇದೆಲ್ಲ ರೇಣುಕಾಳಿಂದ ತಿಳಿಯುತ್ತಿತ್ತು. ಒಂದು ದಿನ ಅವನೇ ಫೋನಿಗೆ ಬಂದು, ಧುಪದಾಳ ಮೂಡಲಗಿ ಎಲ್ಲ ತಿರುಗಿದೆಯಂತೆ, ತವರುಮನೆಯ ಮಣ್ಣು ನಿನಗೆ ನೆನಪಾಗಲಿಲ್ಲವೇ ಎಂದು ಆಕ್ಷೇಪಿಸಿದ. ಮಾತಿನಲ್ಲಿ ನಗುವಿತ್ತು, ಅದರ ಅಡಿಯಲ್ಲಿ ಸ್ವಲ್ಪ ನೋವೂ ಇತ್ತು. ಎರಡು ದಿನ ಬಿಟ್ಟು ಒಂದು ಗೊಬ್ಬರದ ಚೀಲದ ತುಂಬ ಮಣ್ಣು ತಂದು ನನ್ನ ಹಿತ್ತಲಿಗೆ ಇಳಿಸಿದ. ಸುಮ್ಮನೆ ಎಲ್ಲಿಯದೋ ಮಣ್ಣಲ್ಲ ಅದು. ಎಳ್ಳಮವಾಸ್ಯೆಯ ದಿನ ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂರಿಸಿ, ಪೈರು ಹೊತ್ತ ಭೂಮಿಯನ್ನು ಬಸುರಿ ಎಂದೇ ಬಗೆದು, ಎಳ್ಳು ಹೋಳಿಗೆ, ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರನ್ನವನ್ನೆಲ್ಲ ಅವಳಿಗೆ ಎಡೆ ಮಾಡಿ ಆ ಎಡೆಯನ್ನೇ ನಾಲ್ಕೂ ದಿಕ್ಕಿಗೆ ಚರಗವೆಂದು ಚೆಲ್ಲುತ್ತೇವಲ್ಲ, ಆ ಜಾಗದ್ದು. ನಮ್ಮ ಅಜ್ಜನ ಕಾಲದಿಂದಲೂ ಚರಗ ಉಂಡ ಮಣ್ಣು. ಮನೆಯಲ್ಲಿ ಇದ್ದದ್ದರಲ್ಲಿ ಅತ್ಯಂತ ಪವಿತ್ರವಾದದ್ದನ್ನು ಅಣ್ಣ ಸೊಸೆಯ ಸಲುವಾಗಿ ಒಂದು ಚೇಳಿಗೆ ತಂದಿದ್ದ. ಔಷಧ ಹೊಡೆದಿಲ್ಲವಷ್ಟೆ ಎಂದು ಕೇಳಿದೆ. ಈ ವರ್ಷ ಪಂಪು ಹೆಗಲಿಗೇ ಏರಿಸಿಲ್ಲ ಎಂದ. ಅವನು ಸುಳ್ಳು ಹೇಳುವವನಲ್ಲ.

ಮುಷ್ಟಿಯಲ್ಲಿ ಹಿಡಿದು ನೋಡಿದೆ, ಉಂಡೆ ಕಟ್ಟಿತು. ತಿವಿದೆ, ಸಡಿಲಾಯಿತು. ಕೆಂಪೂ ಕಪ್ಪೂ ಬೆರೆತು ಬೆಲ್ಲದ ಬಣ್ಣಕ್ಕೆ ತಿರುಗಿದ ಅಂಥ ಮಣ್ಣನ್ನು ಹಿಡಿಯುವುದೇ ಒಂದು ಸುಖ. ಸಾಣಿಸಿ, ತಳದಲ್ಲಿ ನೀರು ಚಿಮುಕಿಸಿ, ಗಾಜಿನ ಪೆಟ್ಟಿಗೆಯಲ್ಲಿ ಗೇಣುದ್ದ ಹಾಸಿ ಅದುಮಿ, ಹಂಚಿನ ಚೂರು ಕವುಚಿ ಅವಳನ್ನು ಬಿಟ್ಟೆ. ಅವಳು ಸ್ವಲ್ಪ ಹೊತ್ತು ಕೊಂಡಿಯನ್ನೆತ್ತಿ ನಿಂತಳು, ಆಮೇಲೆ ಹಂಚಿನ ಅಡಿಗೆ ಹೋಗಿ ತೋಡತೊಡಗಿದಳು. ಬಿಲ ನಿಂತಿತು. ಅಂದು ಸಂಜೆ ರೇಣುಕಾಳಿಗೆ, ನಿಮ್ಮ ಹೊಲದ ಮಣ್ಣಿನಲ್ಲಿ ಆಕೆ ಮನೆ ಕಟ್ಟಿಕೊಂಡಳು ಎಂದೆ. ಅವಳು ನಕ್ಕಳು. ಕೂಸು ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಅವಳು ಬಿಲದಿಂದ ಹೊರಗೆ ಬಂದು ಮೂಲೆಯ ಗಾಜಿಗೆ ಏರಲು ಹವಣಿಸುತ್ತಿದ್ದಳು. ಹಗಲು ಹೊತ್ತಿನಲ್ಲಿ ಚೇಳು ಹಾಗೆ ಮಾಡುವುದಿಲ್ಲ. ಹೊಸ ಜಾಗ, ಹೊಂದಿಕೊಳ್ಳಲಿ ಎಂದುಕೊಂಡೆ. ಅದರ ಮುಂದಿನ ದಿನ ಕಾಲುಗಳು ಅಗಲಕ್ಕೆ ಬಿದ್ದುಕೊಂಡು, ಕೊಂಡಿ ಸಣ್ಣಗೆ ನಡುಗುತ್ತಿತ್ತು. ತಿನ್ನಲೆಂದು ಬಿಟ್ಟಿದ್ದ ಚಿಮ್ಮಂಡೆ ಹುಳಗಳು ಬೆನ್ನಡಿಯಾಗಿ ಬಿದ್ದಿದ್ದವು, ಅವನ್ನು ಅವಳು ಮುಟ್ಟಿರಲೂ ಇಲ್ಲ. ಎರಡು ಬಟ್ಟಲು ತೆಗೆದುಕೊಂಡು ಒಂದರಲ್ಲಿ ಬೇರೆ ಚೇಳುಗಳ ಪೆಟ್ಟಿಗೆಯಿಂದ ತೆಗೆದ ಹಿಡಿಯಷ್ಟು ಗುಡ್ಡದ ಮಣ್ಣು, ಇನ್ನೊಂದರಲ್ಲಿ ಚರಗದ ಮಣ್ಣು ಹಾಕಿ, ಎರಡಕ್ಕೂ ಹಿತ್ತಲಿನ ಇರುವೆಗಳನ್ನು ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮಣ್ಣಿನಲ್ಲಿ ಇರುವೆಗಳು ಓಡಾಡುತ್ತಿದ್ದವು. ಚರಗದ ಮಣ್ಣಿನಲ್ಲಿ ಒಂದೂ ಅಲುಗುತ್ತಿರಲಿಲ್ಲ.

ಫೋನು ಮಾಡಿ ಕೇಳಿದಾಗ ಅಣ್ಣ ಏನೂ ಮುಚ್ಚಿಡಲಿಲ್ಲ. ಕಬ್ಬಿಗೆ ಮಣ್ಣು ಕೊಟ್ಟು ಸಾಲು ಏರಿಸುವಾಗ ಗೊಣ್ಣೆಹುಳಕ್ಕೆಂದು ಹರಳಿನಂಥ ಔಷಧವನ್ನು ಗೊಬ್ಬರದ ಜೊತೆ ಕಲಸಿ ಬುಡಕ್ಕೆ ಉಗ್ಗಿದ್ದಾರೆ, ಎಲ್ಲರೂ ಉಗ್ಗುತ್ತಾರೆ, ಉಗ್ಗದಿದ್ದರೆ ಹುಳ ಬೇರು ತಿಂದು ಕಬ್ಬನ್ನು ಮಲಗಿಸುತ್ತದೆ. ಐದು ಕಲ್ಲಿನ ಜಾಗಕ್ಕೂ ಬಿತ್ತೇ ಎಂದರೆ ಸಾಲು ಅಲ್ಲಿಯವರೆಗೂ ಇದೆಯಲ್ಲ ಎಂದ. ಪಂಪಿನಿಂದ ಹೊಡೆದದ್ದಲ್ಲವಾದ್ದರಿಂದ ಅವನು ನನಗೆ ಹೇಳುವ ಅಗತ್ಯ ಕಂಡಿರಲಿಲ್ಲ.

ಅವಳನ್ನು ಎತ್ತಿ, ಚಮಚದಿಂದ ನೀರು ಸುರಿದು ತೊಳೆದು, ಮತ್ತೆ ನಾರಿನ ಪುಡಿಯ ಮೇಲೆ ಇಟ್ಟೆ. ಮರುದಿನ ಮಧ್ಯಾಹ್ನ ಸತ್ತಳು. ಹೊಟ್ಟೆಯ ಬದಿಯಲ್ಲಿ ಆ ಬಿಳಿಯ ಸಾಲು ಹಾಗೆಯೇ ಕಾಣುತ್ತಿತ್ತು. ವೃತ್ತಿಯುದ್ದಕ್ಕೂ ಕಪ್ಪೆ ಜಿರಳೆ ಎರೆಹುಳಗಳನ್ನು ಕೊಯ್ದು ತೋರಿಸಿದ ನನ್ನ ಕೈಗೆ ಇವಳನ್ನು ಕೊಯ್ದು ನೋಡುವ ಮನಸ್ಸು ಬರಲಿಲ್ಲ. ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು ಅತ್ತೆ. ಅತ್ತು ಮುಗಿದ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಯೋಚಿಸಿ ನೋಡಿ. ಸಿದ್ದುವಿನ ಕೈಯಲ್ಲಿದ್ದ ಕೊಡಲಿಯ ಕಾವನ್ನು ತಡೆದ ಮನೆ ಅದು. ಒಂದು ಚೇಳಿನ ಜೀವ ಉಳಿಸಲು ಕ್ಯಾನು ಹೊತ್ತು ಬಸ್ಸು ಹತ್ತಿದ ಮನೆ. ಅದೇ ಮನೆಯವರು ಅದೇ ತಿಂಗಳು, ಅದೇ ಬಸುರಿಯ ಹೆಸರಿನಲ್ಲಿ ಹುಳ ಹುಪ್ಪಡಿಗೆ ಅಭಯ ಕೊಟ್ಟ ಬಾಯಿಂದಲೇ, ಎಕರೆಗಟ್ಟಲೆ ನೆಲದ ಹುಳ ಹುಪ್ಪಡಿಯನ್ನೆಲ್ಲ ಹರಳು ಉಗ್ಗಿ ಮುಗಿಸಿದ್ದರು, ಮತ್ತು ಅದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಕೋಲು ಎತ್ತಿದರೆ ಮಾತ್ರ ಕೊಲೆ ಎಂದು ನಮಗೆ ಹೇಳಿಕೊಟ್ಟವರು ಯಾರು? ಎಳ್ಳಮವಾಸ್ಯೆಗೆ ಭೂಮಿಯ ಬಾಯಿಗೆ ಹೋಳಿಗೆ, ಮಿರಗಕ್ಕೆ ಅದೇ ಬಾಯಿಗೆ ವಿಷ. ಹುಕ್ಕೇರಿಯಿಂದ ಮೂಡಲಗಿಯವರೆಗೆ ಕಣ್ಣು ಹಾಯಿಸಿದಷ್ಟೂ ಹಸಿರು ಎಂದು ನಾವು ಹೆಮ್ಮೆಪಡುವ ಈ ಸೀಮೆಯಲ್ಲಿ ಒಂದು ಚೇಳು ಮೈ ಚಾಚುವಷ್ಟು ನೆಲ ಸಿಗಲಿಲ್ಲ ಎಂದರೆ ಆ ಹಸಿರನ್ನು ನಾನು ಯಾವ ಮುಖದಿಂದ ಹೊಗಳಲಿ? ಮಾರುವವರೂ ಕಡಿಮೆಯವರಲ್ಲ. ಚೀಲದ ಮೇಲೆ ಕೆಂಪು ಗುರುತು ಹಾಕಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕೈಗವಸು ಹಾಕಿಕೊಳ್ಳಿ ಎಂದು ಮುದ್ರಿಸಿ, ಅಂಗಡಿಯಲ್ಲಿ ಕೈಗವಸನ್ನೇ ಇಟ್ಟಿರುವುದಿಲ್ಲ. ಉಗ್ಗುವವರು ಯಾರು ಗೊತ್ತೆ? ಗಂಡಸರಲ್ಲ. ಈ ಸಲ ಅಣ್ಣನ ಹೊಲದಲ್ಲಿ ಕೂಲಿಗೆ ಬಂದ ಹೆಂಗಸರು ಉಗ್ಗಿದರು. ಅವರಲ್ಲಿ ಯಾರು ಬಸುರಿ, ಯಾರು ಬಾಣಂತಿ ಎಂದು ಕೇಳಿ ಚೀಲ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಸತ್ತಳೆಂದು ಅಣ್ಣನೊಬ್ಬನಿಗೆ ತಿಳಿಸಿದ್ದೆ, ಅವನು ಅಂದೇ ಮತ್ತೆ ಫೋನು ಮಾಡಿದ. ಚೇಳು ಸತ್ತದ್ದು ಕೇಳಿ ಅವನಿಗೆ ನಿಜವಾಗಿಯೂ ಕೆಡುಕೆನಿಸಿತ್ತು, ಮಾತು ತೊದಲುತ್ತಿತ್ತು. ಆದರೆ ಅವನು ಫೋನು ಮಾಡಿದ್ದು ಬೇರೆ ಕಾರಣಕ್ಕೆ.

“ಸತ್ತಿದ್ದು ರೇಣುಕಾಗ ಹೇಳಬ್ಯಾಡ ತಂಗಿ. ಮರಿ ಹಾಕೇತಿ, ಎಲ್ಲಾ ಚಲೋ ಅದಾವ ಅಂತ ಹೇಳಿಬಿಡು. ಆಕಿ ಜೀವಾ ಗಟ್ಟಿ ಇಲ್ಲ.”

ನಾನು ಒಪ್ಪಲಿಲ್ಲ ಎಂದು ಸುಲಭವಾಗಿ ಬರೆದುಬಿಡಬಹುದು. ಒಪ್ಪದಿರುವುದು ಅಷ್ಟು ಸುಲಭವಿರಲಿಲ್ಲ. ಚೇಳಿಗೂ ತನ್ನ ಕೂಸಿಗೂ ಗಂಟು ಹಾಕಿಕೊಂಡು ಕೂತ ಹುಡುಗಿಗೆ ಚೇಳು ಹೊಟ್ಟೆಯಲ್ಲಿ ಮರಿಗಳನ್ನು ಇಟ್ಟುಕೊಂಡೇ ಸತ್ತಿತು ಎಂದು ಹೇಗೆ ಹೇಳುವುದು? ಹೇಳಿದ ಮೇಲೆ ಅವಳಿಗೆ ಏನಾದರೂ ಆದರೆ ಹಾವಿನ ಪಕ್ಕದಲ್ಲಿ ಈ ಚೇಳನ್ನೂ ಕೂರಿಸಿ, ನನ್ನನ್ನೂ ಕೂರಿಸಿ, ಊರು ಮತ್ತೊಂದು ಕತೆ ಕಟ್ಟುತ್ತದೆ. ಸುಳ್ಳು ಹೇಳಿದರೆ ಅವಳು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾಳೆ. ಎದ್ದು ನಿಶ್ಚಿಂತೆಯಿಂದ ಬುತ್ತಿ ಹೊತ್ತುಕೊಂಡು ಅದೇ ಹೊಲಕ್ಕೆ ಹೋಗುತ್ತಾಳೆ, ಅದೇ ಸಾಲುಗಳ ನಡುವೆ ಬರಿಗಾಲಲ್ಲಿ ನಡೆದು, ಅದೇ ಬದುವಿನ ಮೇಲೆ ಕೂತು, ಕೈ ಝಾಡಿಸಿಕೊಂಡು ರೊಟ್ಟಿ ಮುರಿಯುತ್ತಾಳೆ. ಎರಡನೆಯ ಸರ್ತಿ ಹರಳು ಉಗ್ಗುವ ದಿನಗಳೂ ಹತ್ತಿರ ಬಂದಿದ್ದವು. ಅವಳ ಜೀವ ಗಟ್ಟಿಯಿಲ್ಲ ಎಂದು ಚೇಳಿನ ಸಾವನ್ನು ಮುಚ್ಚಿಡುವವರು ಹರಳಿನ ಚೀಲವನ್ನು ಎಲ್ಲಿ ಮುಚ್ಚಿಡುತ್ತಾರೆ? ಹೇಳುತ್ತೇನೆ ಎಂದೆ ಅಣ್ಣನಿಗೆ. ನಿನ್ನ ಇಷ್ಟ ಎಂದು ಅವನು ಫೋನು ಇಟ್ಟ. ನಮ್ಮಿಬ್ಬರ ನಡುವೆ ಅಂಥ ಒಣ ಮಾತು ಎಂದೂ ಆಗಿರಲಿಲ್ಲ.

ಸಂಜೆ ಅವಳ ಫೋನು ಬಂತು. ಎಂದಿನಂತೆ ಕಟ್ಟೆಯ ಮೇಲೆ ಕೂತು, ಎಲ್ಲರಿಗೂ ಕೇಳಿಸಲಿ ಎಂದು ಫೋನಿನ ಸ್ಪೀಕರು ಹಾಕಿ ಇಟ್ಟಿದ್ದಳು. ಪಾತ್ರೆಯ ಸದ್ದು, ಎಮ್ಮೆಯ ಸರಪಳಿಯ ಸದ್ದು, ಅಣ್ಣ ಕೆಮ್ಮಿದ್ದು ನನಗೆ ಕೇಳುತ್ತಿತ್ತು. ಅವಳು ಕೇಳುವ ಮೊದಲೇ ಹೇಳಿದೆ. ಸತ್ತಳು ಎಂದೆ, ಮರಿಗಳು ಒಳಗೇ ಉಳಿದವು ಎಂದೆ. ಅದು ನೀನು ಏನೋ ಮಾಡಿದ್ದಕ್ಕಲ್ಲ, ಯಾರೋ ಕೂಗಿದ್ದಕ್ಕಲ್ಲ, ಯಾವ ಶಾಪದಿಂದಲೂ ಅಲ್ಲ, ಆ ಮಣ್ಣಿನಲ್ಲಿದ್ದ ಹರಳಿನಿಂದ ಎಂದೆ. ಇರುವೆಗಳ ಬಟ್ಟಲಿನ ಕತೆ ಹೇಳಿದೆ. ಇನ್ನು ಹೊಲದ ಕಡೆ ಹೋಗಬೇಡ, ಕೈಯಿಂದ ಆ ಮಣ್ಣು ಮುಟ್ಟಬೇಡ, ನಾಳೆಯೇ ಬಂದು ದವಾಖಾನೆಗೆ ಕರೆದೊಯ್ಯುತ್ತೇನೆ, ಡಾಕ್ಟರಿಗೆ ಎಲ್ಲ ಹೇಳೋಣ ಎಂದೆ. ಅವಳು ಅಳುತ್ತಾಳೆ ಎಂದು ಕಾದೆ. ಆ ಕಡೆ ಪಾತ್ರೆಯ ಸದ್ದು ನಿಂತಿತ್ತು.

ಅವಳು ಅಳಲಿಲ್ಲ, ಮಾತಾಡಿದಳು. ಮಾತು ನನ್ನ ಹತ್ತಿರ ಆಡುತ್ತಿದ್ದರೂ ಅದು ನನಗೊಬ್ಬಳಿಗೇ ಅಲ್ಲ ಎಂದು ತಿಳಿಯುವಷ್ಟು ಸ್ಪಷ್ಟವಾಗಿತ್ತು.

“ಹೋದ ಸಲ ಬಸುರಿದ್ದಾಗ ಸಾಲು ಏರಿಸುಮುಂದ ಆ ಹರಳು ನಾನ ಉಗ್ಗಿದ್ದೆನ್ರಿ ಅತ್ತಿ. ಬರಿಗೈಲೆ. ಉಡ್ಯಾಗ ಕಟ್ಟಿಕೊಂಡು.”

ಆ ಹರಳೇ ಕೂಸನ್ನು ಕೊಂದಿತು ಎಂದು ನಾನು ಹೇಳಲಾರೆ, ಹೇಳುವಷ್ಟು ಆಧಾರ ನನ್ನಲ್ಲಿಲ್ಲ, ಅಂದೂ ಹೇಳಲಿಲ್ಲ. ಆದರೆ ಕೂಸು ಹೋದಾಗ ಇದನ್ನು ಅವಳಿಂದ ಕೇಳಿ ತಿಳಿದವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಅಣ್ಣ ಮತ್ತೊಮ್ಮೆ ಕೆಮ್ಮಿದ. ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬರಲು ಹೋದಾಗ ಅವನು ಅಂಗಳದಲ್ಲಿ ನಿಂತಿದ್ದ, ನನ್ನ ಕಡೆ ನೋಡಲಿಲ್ಲ. ಅವಳ ಚೀಲವನ್ನು ತಾನೇ ಎತ್ತಿ ರಿಕ್ಷಾದಲ್ಲಿಟ್ಟ, ಅವಳು ಹತ್ತಿ ಕೂರುವವರೆಗೂ ಅದರ ಬಾಗಿಲ ಕಂಬಿ ಹಿಡಿದು ನಿಂತ. ಎರಡನೆಯ ಸರ್ತಿಯ ಹರಳನ್ನು ಅವನು ಉಗ್ಗಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿದರೆ ಜಗಳವಾದೀತೆಂದು ಇನ್ನೂ ಕೇಳಿಲ್ಲ, ಕೇಳದೆ ಬಿಡುವುದೂ ಇಲ್ಲ. ರೇಣುಕಾ ಈಗ ನನ್ನ ಮನೆಯಲ್ಲೇ ಇದ್ದಾಳೆ, ಎಂಟನೆಯ ತಿಂಗಳು, ಹೊಟ್ಟೆಯಲ್ಲಿ ಕೂಸು ಒದೆಯುತ್ತದೆ. ಅತ್ತೆ ಮಾವ ಬಂದು ಹೋಗುತ್ತಾರೆ, ಊರಿನ ಹೆಂಗಸರೂ ಬರುತ್ತಾರೆ. ಅವಳು ತಲೆ ಎತ್ತಿ ಕೂತು ಮಾತಾಡುತ್ತಾಳೆ. ಹಾವಿನ ಮಾತನ್ನು ಅವಳ ಎದುರಿಗೆ ಈಗ ಯಾರೂ ಎತ್ತುವುದಿಲ್ಲ.